ಹಿತ್ತಲಿಗೆ ಬಂದ ಕಳೆ

ಪ್ಲಾಸ್ಟಿಕ್ ಗಿಡವನ್ನೂ ಒಣಗಿಸಬಲ್ಲವಳು ಎಂಬ ಬಿರುದನ್ನು ಅತ್ತೆಯಿಂದಲೇ ಪಡೆದ ಸೊಸೆ ಈ ಭೂಮಂಡಲದಲ್ಲಿ ಅವಳೊಬ್ಬಳೇ ಇರಬೇಕು. (ಬಿರುದು ಪುಕ್ಕಟೆ ಬಂದದ್ದಲ್ಲ. ಹಜಾರದ ಪ್ಲಾಸ್ಟಿಕ್ ಗುಲಾಬಿಗೆ ಧೂಳು ಹಿಡಿದಿದೆಯೆಂದು ಕುದಿಯುವ ನೀರಿನಲ್ಲಿ ಅದ್ದಿ ತೆಗೆದಿದ್ದಳು. ಆಮೇಲೆ ಅದು ತಲೆ ಎತ್ತಲೇ ಇಲ್ಲ.) ಆದ್ದರಿಂದ ಬೇಸಿಗೆಯ ಮೊದಲಲ್ಲಿ ಅತ್ತೆ ಮಗಳ ಮನೆಗೆ ಹೊರಟು ನಿಂತಾಗ, ಹಿತ್ತಲಿನ ತರಕಾರಿ ಪಾತಿಯ ಗತಿಯೇನು ಎಂಬ ಗಹನ ಪ್ರಶ್ನೆ ಮನೆಯನ್ನು ಎರಡು ಪಕ್ಷವಾಗಿ ಒಡೆಯಿತು.

"ಸಿಮೆಂಟ್ ಹಾಕಿಸಿಬಿಡೋಣ ಅಮ್ಮಾ," ಎಂದ ಗಂಡ. "ನನ್ನ ಸ್ಕೂಟರಿಗೊಂದು ಜಾಗ ಆಗುತ್ತೆ. ಪಾಪ, ಬೀದಿ ಬಿಸಿಲಲ್ಲಿ ನಿಂತು ನಿಂತು ಅದರ ಸೀಟು ಬಿರುಕು ಬಿಟ್ಟಿದೆ."

"ನನ್ನ ಹಿಮ್ಮಡಿ ಬಿರುಕು ಬಿಟ್ಟು ಎಷ್ಟು ಕಾಲ ಆಯ್ತು ರೀ, ಅದು ಕಾಣ್ಲೇ ಇಲ್ಲ ನಿಮ್ಗೆ!"

ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಊರಿನವರ ಕಣ್ಣು ಪರೀಕ್ಷಿಸಿ ಸುಸ್ತಾಗಿ ಬರುವವನಿಗೆ ಮನೆಯಲ್ಲಿ ಕೆಲವೊಂದು ಕಾಣದೇ ಇರುವುದು ಸಹಜವೇ.

ಅವಳಿಗೆ ಮಾತ್ರ ಹಿತ್ತಲು ಬೇಕೇ ಬೇಕು. ಇನ್ನೂ ತೊದಲು ನುಡಿಯುವ ಮಗಳು ಮಣ್ಣಿನಲ್ಲಿ ಕೈಯಾಡಿಸಿ ಬೆಳೆಯಬೇಕು. ಬೀನ್ಸು ಹುಟ್ಟುವುದು ಅಂಗಡಿಯ ಕೈಚೀಲದಲ್ಲಿ ಅಲ್ಲವೆಂದು ತಿಳಿಯಬೇಕು.

ಅತ್ತೆ ತೀರ್ಪು ಕೊಟ್ಟರು. "ಬೀಜ ಎಲ್ಲ ಬಿತ್ತಿದ್ದೀನಿ. ಬೇಸಿಗೆ ಮುಗಿಯೋ ಹೊತ್ತಿಗೆ ಬರ್ತೀನಿ. ಈ ಹಿತ್ತಲದ್ದೇ ತರಕಾರೀಲಿ ನಂಗೊಂದು ಊಟ ಹಾಕು. ಹಾಕಿದ್ರೆ ಹಿತ್ತಲು ನಿಂದು. ಇಲ್ಲಾಂದ್ರೆ ಸ್ಕೂಟರಿಂದು."

ಅವತ್ತಿನಿಂದ ಅವಳ ಉತ್ಸಾಹಕ್ಕೆ ಲಗಾಮಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹಿತ್ತಲಿಗೆ ಓಟ. ಮೊಳಕೆ ಇಣುಕಿದ ದಿನವಂತೂ ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ದುಂಡೆಲೆ, ಉದ್ದೆಲೆ, ಮುಗುಳುನಗುವಂಥ ಜೋಡಿ ಎಲೆ! ನಡುನಡುವೆ ಸಪ್ಪೆ ಮುಖದ, ಮೊನಚು ಎಲೆಯ ಗಿಡಗಳೂ ಇದ್ದವು. ಇರಲಿ, ಮದುವೆ ಮನೆಗೆ ಎಂಥೆಂಥವರೋ ಬರುತ್ತಾರೆ.

ಆ ಸಂಭ್ರಮದಲ್ಲೇ ಅತ್ತೆಯ ಫೋನು ಬಂತು.

"ಹಿತ್ತಲು ಹೇಗಿದೆಯೇ?"

"ಅಯ್ಯೋ ಅತ್ತೆ, ನೀವು ನೋಡ್ಬೇಕಿತ್ತು! ಏನು ಕಳೆ ಬಂದಿದೆ ಅಂತೀರಿ!"

"ಇಷ್ಟು ಬೇಗ ಕಳೆ ಬಂತಾ? ಜಾಸ್ತಿನಾ?"

"ಜಾಸ್ತಿನಾ ಅಂದ್ರೆ! ಸಾಲಿಗೆ ಸಾಲೇ ಕಳೆ!"

"ಮತ್ತೆ ಅದನ್ನ ನೋಡ್ತಾ ಕೂತಿದ್ದೀಯಾ? ಇವತ್ತೇ ಕಿತ್ತು ಬಿಸಾಕು."

"ಕೀಳ್ಬೇಕಾ ಅತ್ತೆ?"

"ಇನ್ನೇನು, ತೊಟ್ಟಿಲು ಕಟ್ಟಿ ತೂಗ್ತೀಯಾ? ಬುಡ ಸಮೇತ ಕೀಳು, ಒಂದನ್ನೂ ಬಿಡ್ಬೇಡ. ಉಳಿದದ್ದಕ್ಕೆ ನೀರು, ಗೊಬ್ಬರ ಕೊಡು. ಹೇಗೆ ಎದ್ದು ಬರುತ್ತೆ ನೋಡು."

ಫೋನಿಟ್ಟು ಅವಳು ಗಂಡನನ್ನು ಹಿತ್ತಲಿಗೆ ಎಳೆದು ತಂದಳು. "ರೀ, ಕಳೆ ಇರೋದನ್ನೆಲ್ಲ ಕೀಳ್ಬೇಕಂತೆ. ಇಷ್ಟು ಲಕ್ಷಣವಾಗಿವೆ, ಮನಸ್ಸಾದ್ರೂ ಹೇಗೆ ಬರುತ್ತೆ?"

ಗಂಡ ಕನ್ನಡಕ ಏರಿಸಿಕೊಂಡು ಎರಡೂ ಜಾತಿಯನ್ನು ಬಗ್ಗಿ ಪರೀಕ್ಷಿಸಿದ. "ಅಮ್ಮ ಹೇಳಿದ್ದು ಸರಿಯಾಗೇ ಇರುತ್ತೆ ಕಣೇ. ಚೆಂದ ಇರೋವು ದುಡಿಯಲ್ಲ. ಸಪ್ಪೆ ಮುಖದವೇ ಕಾಯಿ ಬಿಡೋದು. ನನ್ನನ್ನೇ ನೋಡು."

"ನೋಡ್ತಾನೇ ಇದ್ದೀನಿ. ಇನ್ನೂ ಏನೂ ಬಿಟ್ಟಿಲ್ಲ."

ಕೊನೆಗೆ ಕಲ್ಲು ಮನಸ್ಸು ಮಾಡಿ ಅವಳೇ ಕೀಳತೊಡಗಿದಳು. ಆದರೂ ತಾಯಿಕರುಳು ನೋಡಿ, ಬೇರಿಗೆ ನೋವಾಗದಂತೆ ಬುಡದ ಮಣ್ಣಿನ ಸಮೇತ ಎತ್ತಿ, ಬುಟ್ಟಿಯಲ್ಲಿಟ್ಟು, ಹಿಂಬದಿಯ ಗೋಡೆಯಾಚೆಗಿನ ಖಾಲಿ ಸೈಟಿಗೆ ಮೆಲ್ಲಗೆ ಸುರಿದಳು. ಅಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕು ಉಕ್ಕಿ ನೆಲ ಯಾವಾಗಲೂ ಒದ್ದೆಯಾಗಿರುತ್ತಿತ್ತು.

ಉಳಿದ ಸಪ್ಪೆ ಮುಖದವರಿಗೆ ರಾಜೋಪಚಾರ ಶುರುವಾಯಿತು. ಎರಡು ಹೊತ್ತು ನೀರು, ವಾರಕ್ಕೊಮ್ಮೆ ಗೊಬ್ಬರ, ಬಾಗಿದವಕ್ಕೆ ಕೋಲಿನ ಆಸರೆ, ಕೋಲಿಗೆ ಮಗಳ ಹಳೆಯ ಫ್ರಾಕಿನ ಪಟ್ಟಿ. ಬೇಸಿಗೆ ಏರಿತು, ಇಳಿಯಿತು. ಗಿಡಗಳು ಅವಳ ಭುಜ ಮುಟ್ಟಿದವು. ಕಾಯಿ ಮಾತ್ರ ಹೆಸರಿಗೂ ಇಲ್ಲ.

"ನಾಳೆ ಅಮ್ಮ ಬರ್ತಾಳೆ," ಎಂದು ಗಂಡ ಒಂದು ಸಂಜೆ ಟೇಪು ಹಿಡಿದು ಹಿತ್ತಲಿನ ಅಗಲ ಅಳೆಯುತ್ತ ಹಾಡುವ ದನಿಯಲ್ಲಿ ಹೇಳಿದ. "ಸ್ಕೂಟರ್ ತಿರುಗಿಸೋದಕ್ಕೂ ಜಾಗ ಉಳಿಯುತ್ತೆ ಕಣೇ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅದೇ ಉರಿಯಲ್ಲಿ ತಲೆಯೊಳಗೆ ಒಂದು ದೀಪವೂ ಹೊತ್ತಿತು. ಕಾಡಿನಲ್ಲಿ ತಾನಾಗಿ ಬೆಳೆದದ್ದನ್ನು ಹೆಕ್ಕಿ ತಂದು ಊಟ ಮಾಡುವವರ ವಿಡಿಯೋಗಳನ್ನು ಅವಳು ಮಗಳಿಗೆ ಉಣಿಸುವಾಗೆಲ್ಲ ನೋಡಿದ್ದಳು. ಕಾಡು ಇಲ್ಲದಿದ್ದರೇನು, ಖಾಲಿ ಸೈಟಾದರೂ ಇದೆಯಲ್ಲ? ಬುಟ್ಟಿ ಒಂದು ಕಂಕುಳಲ್ಲಿ, ಮಗಳು ಇನ್ನೊಂದು ಕಂಕುಳಲ್ಲಿ, ಬೆಳಗಾಗುತ್ತಲೇ ಹಿಂಬಾಗಿಲಿನಿಂದ ವನಪ್ರವೇಶವಾಯಿತು.

"ಅಮ್ಮಾ, ಚೆಂಡು!" ಎಂದಳು ಮಗಳು.

ಎಲೆಗಳನ್ನು ಸರಿಸಿದರೆ ಕುಂಬಳಕಾಯಿ! ಅದರಾಚೆ ಇನ್ನೊಂದು! ಟ್ಯಾಂಕಿನ ಪೈಪಿಗೆ ಸುತ್ತಿಕೊಂಡ ಬಳ್ಳಿಯಲ್ಲಿ ಹಸಿರು ಮೈಗೆ ನೇರಳೆ ಗೆರೆಯ ಬೀನ್ಸಿನ ಗೊಂಚಲು! ಹುಲ್ಲಿನೊಳಗೆ ಬಚ್ಚಿಟ್ಟುಕೊಂಡ ಸೌತೆಕಾಯಿ, ಕೆಂಪಗೆ ಮಿನುಗುವ ಟೊಮೇಟೊ! ಬಿತ್ತಿದವರಿಲ್ಲ, ನೀರೆರೆದವರಿಲ್ಲ, ಫ್ರಾಕಿನ ಪಟ್ಟಿ ಕಟ್ಟಿದವರಂತೂ ಇಲ್ಲವೇ ಇಲ್ಲ! ಪ್ರಕೃತಿಯ ಈ ಔದಾರ್ಯಕ್ಕೆ ಅವಳು ಕುಣಿದಳು, ಮಗಳನ್ನೂ ಕುಣಿಸಿದಳು. ಬುಟ್ಟಿ ಸಾಲದೆ ಸೆರಗಿನಲ್ಲೂ ತುಂಬಿಕೊಂಡಳು.

ಮನಸ್ಸಾಕ್ಷಿ ಒಮ್ಮೆ ಕೆಮ್ಮಿತು. ಹಿತ್ತಲಿನ ಗೋಡೆಗೆ ತಾಗಿದ್ದೂ ಒಂದು ಲೆಕ್ಕಕ್ಕೆ ಹಿತ್ತಲೇ ಎಂದು ಅದರ ಬಾಯಿ ಮುಚ್ಚಿಸಿದಳು.

ಮಧ್ಯಾಹ್ನ ಅತ್ತೆ ಬಂದವರೇ ಕೈಕಾಲು ತೊಳೆದು ಊಟಕ್ಕೆ ಕೂತರು. ಕುಂಬಳದ ಸೂಪು, ಹುರಿದ ಬೀನ್ಸು, ಸೌತೆ ಟೊಮೇಟೊ ಹೋಳು. ಗಂಡನ ಮುಖ ಸೌತೆಕಾಯಿಯಷ್ಟೇ ಉದ್ದವಾಯಿತು. ಅತ್ತೆ ಒಂದು ಬೀನ್ಸನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಹಿತ್ತಲದ್ದೇ ತಾನೇ?"

"ಹೂಂ ಅತ್ತೆ." ದನಿ ಸೂಪಿನೊಳಗೆ ಮುಳುಗಿದಂತಿತ್ತು.

"ನಮ್ಮಮ್ಮ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟಿದ್ದ ಬೀಜ ಕಣೇ ಇದು. ಅದೇ ಗೆರೆ, ಅದೇ ರುಚಿ. ನಿನ್ನ ಕೈಲಿ ಏನೂ ಬೆಳೆಯಲ್ಲ ಅಂತಿದ್ನಲ್ಲ, ತಪ್ಪಾಯ್ತು." ಅತ್ತೆಯ ಕಣ್ಣು ತುಂಬಿತ್ತು.

ಅಷ್ಟಾದ ಮೇಲೆ ಅವಳಿಂದ ತಡೆಯಲಾಗಲಿಲ್ಲ. "ಸುಳ್ಳು ಹೇಳ್ದೆ ಅತ್ತೆ! ಇದು ಹಿತ್ತಲದ್ದಲ್ಲ. ಖಾಲಿ ಸೈಟಲ್ಲಿ ತಾನಾಗೇ ಬೆಳೆದಿರೋ ಕಾಡು ಬೀನ್ಸು, ಕಾಡು ಕುಂಬಳ!"

"ಸೋತ್ಲು!" ಗಂಡ ಚಮಚ ಎತ್ತಿ ಕುಣಿದ. "ಸಿಮೆಂಟ್ ಯಾವಾಗ ತರಿಸ್ಲಿ ಅಮ್ಮಾ?"

"ನೀನು ಕೂತ್ಕೊಳ್ಳೋ. ಪೈಜಾಮದ ಥರ ಗೆರೆ ಇರೋ ಬೀನ್ಸು ಯಾವ ಕಾಡಲ್ಲಿ ಬೆಳೆಯುತ್ತೆ?" ಎನ್ನುತ್ತ ಅತ್ತೆ ಎಂಜಲು ಕೈಯಲ್ಲೇ ಹಿತ್ತಲಿಗೆ ನಡೆದರು. ಅಲ್ಲಿ ಕೋಲು ಹಿಡಿದು, ಫ್ರಾಕಿನ ಪಟ್ಟಿ ಸುತ್ತಿಕೊಂಡು ನಿಂತಿದ್ದ ಸಾಲನ್ನು ಕಂಡು ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಇದೇನೇ ಇದು? ಕಳೆಗೆ ಸೊಂಟಪಟ್ಟಿ ಕಟ್ಟಿದ್ದೀಯಾ?"

"ಕಳೆಯೆಲ್ಲ ಅವತ್ತೇ ಕಿತ್ತುಬಿಟ್ಟೆ ಅತ್ತೆ! ನೀವು ಹೇಳಿದ ಹಾಗೆ, ಲಕ್ಷಣವಾಗಿ, ಕಳೆಕಳೆಯಾಗಿ ಇದ್ದವನ್ನೆಲ್ಲ ಬುಡ ಸಮೇತ ಎತ್ತಿ ಆ ಕಡೆ..."

ಮೂವರೂ ಗೋಡೆಯ ಕಡೆ ನೋಡಿದರು. ಗೋಡೆಯ ಮೇಲಿಂದ ಒಂದು ಬೀನ್ಸಿನ ಬಳ್ಳಿ, ತವರಿಗೆ ಇಣುಕುವ ಮಗಳಂತೆ, ಈ ಕಡೆಗೆ ಕುಡಿ ಚಾಚಿತ್ತು.

ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು, ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ತರಕಾರೀನ ಕಾಡಿಂದ ಹೆಕ್ಕಿ ತಂದೆ, ಕಾಡುಸೊಪ್ಪನ್ನ ಪಾತೀಲಿ ಸಾಕಿದೆ! ಇದನ್ನೂ ಎಳೇದಿದ್ದಾಗ ಬೇಯಿಸಿ ತಿನ್ನಬಹುದಿತ್ತು ಕಣೇ. ಈಗ ಪೊರಕೆ ಮಾಡ್ಕೋ."

"ಹಾಗಾದ್ರೆ ಹಿತ್ತಲು ಅತ್ತೆ?"

"ಗೋಡೆ ಹಾರಿದ್ರೂ ಬೀಜ ಈ ಹಿತ್ತಲದ್ದೇ. ಹಿತ್ತಲು ನಿಂದು. ಸ್ಕೂಟರ್ ಬಿಸಿಲಲ್ಲೇ ಇರ್ಲಿ."

ಅವಳು ಇನ್ನೇನು ಮಗಳನ್ನೆತ್ತಿ ಒಂದು ಸುತ್ತು ಕುಣಿಯಬೇಕು, ಅಷ್ಟರಲ್ಲಿ ಅತ್ತೆ ಬೆರಳೆತ್ತಿದರು. "ಆದ್ರೆ ಒಂದು ಷರತ್ತು. ಮುಂದಿನ ಸಲ ಬೇಕಾದ ಗಿಡಕ್ಕೆ ನೀನು ನೀರು, ಗೊಬ್ಬರ, ಪ್ರೀತಿ ಒಂದೂ ತೋರಿಸ್ಬೇಡ. ಸುಮ್ನೆ ಗೋಡೆ ಆಚೆ ಎಸೆದ್ಬಿಡು. ಅವು ಬದುಕ್ಕೊಳ್ತವೆ."

ಎತ್ತಿದ ಕಾಲು ಹಾಗೇ ಕೆಳಗಿಳಿಯಿತು. ಬೇಸಿಗೆಯಿಡೀ ಹೊತ್ತ ನೀರಿನ ಕೊಡಗಳೆಲ್ಲ ಒಮ್ಮೆಗೇ ಭುಜದ ಮೇಲೆ ಬಂದು ಕೂತಂತಾಯಿತು.

"ಯಾಕೇ, ಗೆದ್ದಿದ್ದೀಯಲ್ಲ," ಎಂದರು ಅತ್ತೆ ಅವಳನ್ನೇ ನೋಡುತ್ತ. "ಮುಖದಲ್ಲಿ ಒಂಚೂರೂ ಕಳೆ ಇಲ್ವಲ್ಲ?"

ಗಂಡ ನಿನ್ನೆಯಿಂದ ಹಿತ್ತಲಲ್ಲೇ ಬಿದ್ದಿದ್ದ ಟೇಪನ್ನು ಸುತ್ತುತ್ತ ತಣ್ಣಗೆ ಹೇಳಿದ: "ನೀನೇ ಹೇಳಿದ್ದೆಯಲ್ಲಮ್ಮಾ, ಒಂದನ್ನೂ ಬಿಡಬೇಡ ಅಂತ. ಅದನ್ನೂ ಕಿತ್ತಿದ್ದಾಳೆ."