ಮಹಾಂತಯ್ಯನವರ ತೂಕ ನಾಲ್ಕು ಕಿಲೋ

ವಿದ್ಯಾನಗರದ ಆ ಆಸ್ಪತ್ರೆಯ ಮಾನ ಹೋಗಲು ಒಂದು ಮೆಸೇಜು ಸಾಕಾಯಿತು.

‘ಮಹಾಂತಯ್ಯ ಹಿರೇಮಠ ಅವರೇ, ನಿನ್ನೆ ಬಂದಿದ್ದಕ್ಕೆ ಧನ್ಯವಾದ. ನಿಮ್ಮ ತೂಕ ನಾಲ್ಕು ಕಿಲೋ. ಎದೆಹಾಲು ಮುಂದುವರಿಸಿ.’

ಅದನ್ನು ಹಿಡಿದುಕೊಂಡು ಬೆಳಿಗ್ಗೆಯೇ ಬಂದವರು ಅವರ ಹೆಂಡತಿ ಶಿವಲಿಂಗವ್ವ. ಮಹಾಂತಯ್ಯನವರು ಇದೇ ಆಸ್ಪತ್ರೆಯಲ್ಲಿ ತೀರಿಕೊಂಡು ವರ್ಷವಾಗಿತ್ತು.

“ನಿನ್ನೆ ಇಲ್ಲೆ ಬಂದಿದ್ರಂತ,” ಎಂದರು ಆಕೆ ಮೆಲ್ಲಗೆ. “ಇಲ್ಲೀತನಕಾ ಬಂದವ್ರು ಮನಿಗ್ಯಾಕ ಬರ್ಲಿಲ್ರಿ?”

ಆಸ್ಪತ್ರೆಯ ವೆಬ್‌ಸೈಟು, ರೋಗಿಗಳ ಕಂಪ್ಯೂಟರ್ ದಾಖಲೆ ಎಲ್ಲವನ್ನೂ ಕಟ್ಟಿದವನು ಬಸವಪ್ರಭು ಅಂಗಡಿ. ಅವನದು ಇನ್ನೂ ಹಂಗಾಮಿ ನೌಕರಿ. ಅದನ್ನು ಕಾಯಂ ಮಾಡುವ ಆರ್ಡರಿಗೆ ಆಸ್ಪತ್ರೆ ನಡೆಸುವ ಡಾಕ್ಟರ್ ಪ್ರಭಾವತಿಯವರು ಸಹಿ ಹಾಕುವುದು ಅಂದೇ ಸಂಜೆ. ದೆವ್ವಕ್ಕೂ ದಿನ ಗೊತ್ತಿರುತ್ತದೆ ನೋಡಿ.

ಅವನು ಕಂಪ್ಯೂಟರ್ ತೆರೆದ. ವಿಭೂತಿ ಹಚ್ಚಿಕೊಂಡ ಮಹಾಂತಯ್ಯನವರ ಫೋಟೊ, ಅದರ ಕೆಳಗೆ ‘ವಯಸ್ಸು: ಒಂದು ತಿಂಗಳು’. ಫೋಟೊ ತನ್ನನ್ನೇ ದಿಟ್ಟಿಸುತ್ತಿದೆ ಎನ್ನಿಸಿ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡ. ಅದು ಅಲ್ಲಿಯೂ ದಿಟ್ಟಿಸಿತು. ಅಷ್ಟರಲ್ಲಿ ಯಾರೂ ಮುಟ್ಟದೆಯೇ ಇನ್ನೊಂದು ಸಾಲು ಮೂಡಿತು: ‘ಮತ್ತೆ ಬರುತ್ತಾರೆ: ಬುಧವಾರ’.

“ದೆವ್ವ ಓಡಸಾಕ ಲೋಬಾನದ ಹೊಗಿ ಹಾಕೂಣೇನ್ರಿ?” ಎಂದ ಬೆನ್ನ ಹಿಂದೆ ನಿಂತಿದ್ದ ಕಂಪೌಂಡರ್ ಗೌಸಮೊದ್ದೀನ.

“ಬುಧವಾರದ್ದು ನಾನಽ ಈಗ ಬರದೇನ್ರಿ,” ಎನ್ನುತ್ತ ರಿಸೆಪ್ಷನ್ನಿನ ಗ್ರೇಸಿ ಓಡಿಬಂದಳು. “ಇವರ ಸೊಸಿ ಫೋನ್ ಮಾಡಿದ್ಲು. ನಿನ್ನೆ ತವರಮನಿಯಿಂದ ಕೂಸಿನ್ನ ಕರಕೊಂಡು ಬಂದಿದ್ಲು. ಹೆಸರೇನಂದ್ರ ಬಾಯಿ ಬಿಡವಲ್ಲಳು. ಕೂಸಿಗೆ ಮಾವನ ಹೆಸರು ಇಟ್ಟಾರಂತ, ಮಾವನ ಹೆಸರು ಸೊಸಿ ಹ್ಯಾಂಗ ಹೇಳ್ಬೇಕು? ‘ನಮ್ಮ ಮಾವನವರ ಕಾರ್ಡ್ ನೋಡ್ರಿ, ಅದಽ ಹೆಸರು’ ಅಂದ್ಲು. ನೋಡಿ ಬರಕೊಂಡೆ.”

ಗ್ರೇಸಿಯದೇನೂ ತಪ್ಪಿಲ್ಲ. ಡೇಟಾಬೇಸಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ನಂಬರು ಕೊಡಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟ ದಿನ ನಮ್ಮ ಬಸವಪ್ರಭು ಕ್ಯಾಂಟೀನಿನಲ್ಲಿದ್ದ. ಹೆಸರೂ ಮನೆಯೂ ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂದು ನಂಬಿದ್ದ. ರೋಗಿ, ಕೂಸು, ಡಾಕ್ಟರು, ನೌಕರರು ಎಲ್ಲರನ್ನೂ ಮದುವೆಮನೆಯ ಟ್ರಂಕಿನ ಬಟ್ಟೆಯಂತೆ ಒಂದೇ ಕಡೆ ತುರುಕಿದ್ದ. ಹೀಗಾಗಿ ಕೂಸಿನ ವಿವರವೆಲ್ಲ ಅಜ್ಜನ ಮೇಲೆಯೇ ಹೋಗಿ ಕೂತಿತ್ತು.

“ಹಂಗಾರ ಅವ್ರು ಬಂದಿಲ್ಲೇನು?” ಶಿವಲಿಂಗವ್ವನ ಮುಖ ಸಣ್ಣದಾಯಿತು.

“ಬಂದಾರಬೇ, ತೊಟ್ಟಿಲದಾಗ ಅದಾರ,” ಎಂದಳು ಗ್ರೇಸಿ. ಶಿವಲಿಂಗವ್ವ ಕಣ್ಣೊರೆಸಿಕೊಂಡು ನಕ್ಕರು.

ಎಲ್ಲರಿಗೂ ಹೊಸ ನಂಬರು ಕೊಡುವುದು ವಾರದ ಕೆಲಸ. ಸಂಜೆಯೊಳಗೆ ಮುಗಿಯಬೇಕಲ್ಲ, ಬಸವಪ್ರಭು ಅಡ್ಡದಾರಿ ಹಿಡಿದ. ಕೂಸನ್ನು ‘ಚಿಕ್ಕ ಮಹಾಂತಯ್ಯ’ ಎಂದು ಬೇರೆ ಬರೆದ. ಬಳಿಕ ಪುಟ್ಟದೊಂದು ಸ್ಕ್ರಿಪ್ಟು: ಈ ಆಸ್ಪತ್ರೆಯಲ್ಲಿ ತೀರಿಕೊಂಡವರ ಹೆಸರು, ಮನೆ ನೋಡಿ, ಅವರ ಖಾತೆಗೆ ಬೀಗ ಹಾಕು, ಮನೆಯವರಿಗೆ ಸಂತಾಪದ ಮೆಸೇಜು ಕಳಿಸು. ಬಟನ್ ಒತ್ತಿದ. ದೆವ್ವ ಹೋಯಿತೆಂದು ನಿರಾಳವಾಗಿ ಮಧ್ಯಾಹ್ನ ಊಟಕ್ಕೆ ಗೋಪನಕೊಪ್ಪದ ಮನೆಗೆ ಹೊರಟ.

ಓಣಿ ಸ್ಮಶಾನದಂತೆ ಸುಮ್ಮನಿತ್ತು. ಅವನ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗಿನಿಂದ ಹೆಂಗಸರ ಅಳು. ಎದುರು ಬಂದ ಪಕ್ಕದ ಮನೆಯ ರಜನಿ ಅವನನ್ನು ನೋಡಿದವಳೇ ಕೊಡ ಬಿಟ್ಟು ಓಡಿ ಬಾಗಿಲು ಹಾಕಿಕೊಂಡಳು. ಅವನು ಚಪ್ಪಲಿ ದಾಟಿ ಒಳಹೊಕ್ಕ. ಪಡಸಾಲೆಯ ಗೋಡೆಗೆ ಒರಗಿಸಿದ್ದ ಅವನದೇ ಫೋಟೊಕ್ಕೆ ಹಾರ ಬಿದ್ದಿತ್ತು.

“ಕಾಲು ನೋಡ್ರಿ! ಕಾಲು ಹಿಂದಮುಂದ ಅದಾವೇನು?” ಎಂದು ಯಾರೋ ಚೀರಿದರು.

ಅವ್ವ ಬಗ್ಗಿ ಅವನ ಪಾದ ಮುಟ್ಟಿ ನೋಡಿ, ತಬ್ಬಿಕೊಂಡು ಗೊಳೋ ಎಂದಳು. “ದವಾಖಾನಿಯಿಂದಽ ಮೆಸೇಜ್ ಬಂತಪ್ಪಾ, ನೀ ಹೋದಿ ಅಂತ! ಅಲ್ಲೇ ತೀರಿಕೊಂಡ ನಿಮ್ಮಜ್ಜನ ಹೆಸರು ನಿನಗ ಇಟ್ಟದ್ದಽ ತಪ್ಪಾತೇನೋ!”

ಬಸವಪ್ರಭುವಿಗೆ ಎಲ್ಲ ಹೊಳೆಯಿತು: ಹೆಸರೂ ಮನೆಯೂ ಒಂದೇ, ಸ್ಕ್ರಿಪ್ಟು ಅಜ್ಜನ ಜೊತೆ ಅವನನ್ನೂ ಸಾಯಿಸಿತ್ತು. ಡಾಕ್ಟರಿಗೆ ಫೋನು ಹಚ್ಚಿದ.

“ಯಾರು?” ಎಂದರು ಪ್ರಭಾವತಿಯವರು. “ಖರೇನ ನೀವಽ ಏನ್ರಿ? ತೀರಿಕೊಂಡವರ ಹೆಸರಿಗೆ ಆರ್ಡರ್ ಬರೂದಿಲ್ಲ ಅಂತದ ಕಂಪ್ಯೂಟರ್. ಲಗೂ ತಿದ್ದ್ರಿ. ಸಂಜೀತನಕಾ ಕಾಯತೇನಿ, ಆಮ್ಯಾಲೆ ಬ್ಯಾರೆಯವ್ರನ್ನ ತಗೋತೇನಿ.”

ಅವನು ಲ್ಯಾಪ್‌ಟಾಪ್ ತೆರೆದು ಲಾಗಿನ್ ಒತ್ತಿದ. ಪರದೆ ಹೇಳಿತು:

‘ಈ ಖಾತೆಯವರು ತೀರಿಕೊಂಡಿದ್ದಾರೆ. ಪ್ರವೇಶವಿಲ್ಲ. ಬದುಕಿದ್ದಲ್ಲಿ ಸಂಪರ್ಕಿಸಿ: ಬಸವಪ್ರಭು ಅಂಗಡಿ.’

ಗಾಬರಿಯಲ್ಲಿ ಅವನು ಅದರ ಕೆಳಗಿದ್ದ ತನ್ನದೇ ನಂಬರಿಗೆ ಫೋನು ಮಾಡಿದ. ಬಿಜಿ ಬಂತು.