ಬ್ರೇಕಿಗೆ ಬಿದ್ದ ಕುಸುಬೆ ಎಣ್ಣೆ

ಸದ್ದು ಮಾಡದ ವಸ್ತುವಿಗೆ ರೋಗವಿಲ್ಲ ಎಂದು ನಂಬಿ ಬದುಕುವವರಲ್ಲಿ ನಾನೂ ಒಬ್ಬ. ಆಳಂದದಲ್ಲಿ ನನ್ನದೊಂದು ಬಟ್ಟೆ ಅಂಗಡಿಯಿದೆ. ಗಿರಾಕಿ ಸುಮ್ಮನೆ ಕೂತರೆ ಸೀರೆ ಒಪ್ಪಿಗೆಯಾಗಿದೆ ಅಂತಲೇ ನನ್ನ ಲೆಕ್ಕ, ಅವರು ಎದ್ದು ಪಕ್ಕದ ಅಂಗಡಿಗೆ ಹೋಗುವ ತನಕ. ನನ್ನ ಹೆಂಡತಿ ಗುರುಬಾಯಿಯದು ಬೇರೆ ಪಂಥ. ಸದ್ದು ಮಾಡಿದ್ದಕ್ಕೆಲ್ಲ ಆಕೆಯ ಹತ್ತಿರ ಒಂದೇ ಔಷಧ, ಕುಸುಬೆ ಎಣ್ಣೆ. ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ, ತೊಟ್ಟಿಲ ಸರಪಳಿಗೆ, ಚಳಿಗಾಲದಲ್ಲಿ ನನ್ನ ಮೊಳಕಾಲಿಗೆ. ಮೊಳಕಾಲು ಈಗ ಬರೀ ನೋಯುತ್ತದೆ, ಸದ್ದಿಲ್ಲ. ಹಾಗಾಗಿ ಅದೂ ಚೆನ್ನಾಗಿದೆ ಎಂದೇ ತಿಳಿದಿದ್ದೇನೆ.

ತೊಟ್ಟಿಲು ಅಟ್ಟದಿಂದ ಇಳಿದದ್ದಕ್ಕೆ ಕಾರಣವಿತ್ತು. ಅಫಜಲಪುರಕ್ಕೆ ಕೊಟ್ಟ ಮಗಳು ಸುಜಾತಾಳಿಗೆ ಏಳು ತಿಂಗಳು. ಅಲ್ಲಿಗೆ ಹೋಗಿ ಸೀಮಂತದ ಕುಬಸ ಮಾಡಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಕರಕೊಂಡು ಬರಬೇಕು. ಬಾಡಿಗೆ ಗಾಡಿ ಮಾಡುತ್ತೇನೆಂದು ಅಳಿಯ ಹೇಳಿದ. ತವರಿಗೆ ಬರುವ ಮಗಳು ಅಪ್ಪನ ಗಾಡಿಯಲ್ಲೇ ಬರಬೇಕೆಂದು ನಾನು ಹಟ ಹಿಡಿದೆ. ಅಪ್ಪನ ಗಾಡಿಯೆಂದರೆ ನನ್ನ ಸೋದರಳಿಯ ಸಾಕಾಗಿ ಬಿಟ್ಟುಕೊಟ್ಟ ಹಳೆಯ ಡೀಸೆಲ್ ಕಾರು. ಕೆಲವು ದಿನಗಳಿಂದ ಬ್ರೇಕ್ ತುಳಿದಾಗಲೆಲ್ಲ ಮುಂದಿನ ಗಾಲಿ ಕುಂಯ್ ಎಂದು ಅಳುತ್ತಿತ್ತು. ಕುಬಸಕ್ಕೆ ವಾರವಿದೆ ಎನ್ನುವಾಗ ಒಂದು ಮುಂಜಾನೆ ಅಳು ನಿಂತೇ ಹೋಯಿತು. ಕೆಲವು ರೋಗಗಳು ತಲೆ ಕೆಡಿಸಿಕೊಳ್ಳದಿದ್ದರೆ ತಾವೇ ಹೋಗುತ್ತವೆ ನೋಡು ಎಂದು ಗುರುಬಾಯಿಯ ಮುಂದೆ ಜಂಬ ಕೊಚ್ಚಿದೆ. ಆಕೆ ನಕ್ಕು ರೊಟ್ಟಿ ಬಡಿಯುತ್ತಾ ಕೂತಳು.

ಅದೇ ದಿನ ಪೇಟೆಯಲ್ಲಿ ಬ್ರೇಕ್ ತುಳಿದರೆ ಕಾರು ನಿಲ್ಲಲೊಲ್ಲದು. ಜೋರಾಗಿಯೇನೂ ಹೋಗುತ್ತಿರಲಿಲ್ಲ, ಮದುಮಗಳ ಹಾಗೆ ಮೆಲ್ಲಗೆ ಸಾಗಿ ದಲಾಲಿ ಅಂಗಡಿಯ ತೊಗರಿ ಚೀಲಗಳಿಗೆ ಮೂತಿ ಒರಗಿಸಿ ನಿಂತಿತು. ಅಂಗಡಿಯವರು ದೊಡ್ಡ ಮನುಷ್ಯರು. ಒಳಗೆ ಬರಬೇಕಾದರೆ ಇಳಿದೇ ಬರಬಹುದಿತ್ತಲ್ಲ ಎಂದು ಹೇಳಿ ಚಹಾ ತರಿಸಿದರು.

ಅಲ್ಲಿಂದ ಹಗ್ಗ ಕಟ್ಟಿಸಿ ಮಹಿಬೂಬನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಈ ಕಾರಿನ ನಾಡಿ ನೋಡುವವನು ಅವನೇ. ಗಾಲಿ ಬಿಚ್ಚಿ, ಮೂಗು ಹತ್ತಿರ ಒಯ್ದು, ನನ್ನನ್ನೇ ನೋಡಿದ.

"ಸಾವ್ಕಾರ್ರ, ಇದರಾಗ ಒಗ್ಗರಣಿ ವಾಸನಿ ಬರಾಕತ್ತದ."

ಯಾರ ಒಗ್ಗರಣೆಯೆಂದು ನನಗೆ ತಕ್ಷಣ ತಿಳಿಯಿತು. ನಾನೇ ಎಣ್ಣೆ ಹಾಕಿದೆ ಎಂದೆ. ಮಹಿಬೂಬ ಹೊಟ್ಟೆ ಹಿಡಿದು ನಕ್ಕ. ಪ್ಯಾಡು ಸವೆದಾಗ ಹಾಗೆ ಕಿರುಚಿ ಹೇಳುತ್ತದಂತೆ, ನಾವು ಅದರ ಬಾಯಿಗೆ ಎಣ್ಣೆ ಹೊಯ್ದು ಸುಮ್ಮನಿರಿಸಿದ್ದೆವು. ಬ್ರೇಕಿಗೂ ಒಂದು ಎಣ್ಣೆ ಇದೆಯಂತೆ, ಆದರೆ ಅದು ಅಡುಗೆಮನೆಯದಲ್ಲವಂತೆ. ಎಣ್ಣೆ ಕುಡಿದ ಪ್ಯಾಡುಗಳನ್ನು ಬಿಸಾಡಿ ಹೊಸವು ಹಾಕಲು ಕೂತವನು, ಹಾಗೇ ತಲೆಯೆತ್ತಿ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೀರೆಂದು ಕೇಳಿದ. ನಾನು ಸೋದರಳಿಯನಿಗೆ ಫೋನ್ ಹಚ್ಚಿದೆ. "ಅದನ್ನ ಬದಲಿ ಮಾಡೂದಿರ್ತದೇನ್ ಮಾಮಾ?" ಎಂದು ಅವನು ನನ್ನನ್ನೇ ಕೇಳಿದ.

ಕೊನೆಗೆ ಮಹಿಬೂಬನೇ ಬಿಡಿಸಿ ಹೇಳಿದ. ಅದು ಇಂಜಿನ್ನಿನೊಳಗೆ ಹಲ್ಲಿರುವ ಒಂದು ರಬ್ಬರ್ ಪಟ್ಟಿ. ಮೇಲಿನ ಭಾಗ, ಕೆಳಗಿನ ಭಾಗ ಒಂದೇ ತಾಳಕ್ಕೆ ತಿರುಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಹರಿದರೆ ಒಳಗಿನವು ಒಂದಕ್ಕೊಂದು ಬಡಿದು ಕಾರು ಇದ್ದಲ್ಲೇ ಕೂರುತ್ತದೆ. ಹರಿಯುವ ಮುಂಚೆ ಸದ್ದು ಮಾಡುತ್ತದೆಯೇ ಎಂದು ಆಸೆಯಿಂದ ಕೇಳಿದೆ.

"ಇಲ್ರಿ. ಅದು ಹೇಳಿ ಹರಿಯಂಗಿಲ್ಲ."

ಬಿಚ್ಚಿ ಕೈಗೆ ಕೊಟ್ಟ. ಬಗ್ಗಿಸಿದರೆ ಮೈತುಂಬ ಸೀಳು. ಕಬ್ಬಿನ ಹೊಲಗಳ ನಡುವೆ, ಮಗಳನ್ನು ಕೂರಿಸಿಕೊಂಡು ನಾನು ನಿಂತಿರುವುದು ಕಣ್ಣಿಗೆ ಕಟ್ಟಿತು. ಹೊಸ ಬೆಲ್ಟು ಬೀಳುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ಕಾರು ಮನೆಗೆ ತಂದು ಬಿಟ್ಟ ಮಹಿಬೂಬನಿಗೆ ಬಾಯಿ ಸುಮ್ಮನಿರಬೇಕಲ್ಲ. ಸಾವ್ಕಾರರು ಬ್ರೇಕಿಗೆ ಒಗ್ಗರಣೆ ಹಾಕಿದ ಕಥೆಯನ್ನು ಗುರುಬಾಯಿಗೆ ರಸವತ್ತಾಗಿ ಹೇಳಿ ಹೋದ. ಆಕೆ ನಗಲಿಲ್ಲ. ಮೆಟ್ಟಿಲ ಮೇಲೆ ಕೂತಳು.

"ಗಾಡಿ ಸಪ್ಳಕ್ಕ ಪೋರಿಗಿ ನಿದ್ದಿ ಹತ್ತಂಗಿಲ್ಲ ಅಂತ ನಾನಽ ಹಾಕಿದ್ನಿರೀ. ಅಕೀನ್ನ ಕೂಡ್ಸಿಕೊಂಡಾಗ ಏನರೆ ಆಗಿದ್ರ?"

ನಾನೂ ಆಕೆಯ ಪಕ್ಕದಲ್ಲಿ ಕೂತೆ. ಇಷ್ಟು ವರ್ಷ ಈಕೆ ನಮ್ಮ ಮನೆಯ ಒಂದೊಂದು ಸದ್ದಿಗೂ ಎದ್ದು ಹೋಗಿ ಎಣ್ಣೆ ಹಚ್ಚಿದ್ದು ನಮ್ಮೆಲ್ಲರ ನಿದ್ದೆಗಾಗಿ ಎಂದು ನನಗೆ ಹೊಳೆದಿರಲೇ ಇಲ್ಲ. ಏನೂ ಆಗಿಲ್ಲವಲ್ಲ, ಚಹಾ ಮಾಡು ಎಂದೆ. ಪ್ರೀತಿಯ ಮಾತು ಬಾಯಿಗೆ ಬಂದಾಗ ನನ್ನಿಂದ ಹೊರಡುವುದು ಅಷ್ಟೇ.

ಕುಬಸ ಚೆನ್ನಾಗಿಯೇ ಆಯಿತು. ಮರಳುವಾಗ ಗುರುಬಾಯಿ ಹಿಂದಿನ ಸೀಟಿನಲ್ಲಿ ಹಸಿರು ಸೀರೆಯ ಮಗಳನ್ನು ತೊಡೆಗೆ ಒರಗಿಸಿಕೊಂಡು ಕೂತಳು. ಊರು ದಾಟುವುದರೊಳಗೆ ಸುಜಾತಾ ನಿದ್ದೆ ಹೋದಳು. ಇಂಜಿನ್ನಿನದು ಒಂದೇ ತಾಳ, ಬ್ರೇಕಂತೂ ಬೆರಳು ತಾಗಿಸಿದರೆ ನಿಲ್ಲುತ್ತಿತ್ತು. ರಸ್ತೆಯೂ ಖಾಲಿ. ಆದರೂ ಕಾರು ಯಾಕೋ ಮುಂದಕ್ಕೆ ಹೋಗಲೊಲ್ಲದು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹಿಂದಿನಿಂದ ತೆವಳುತ್ತ ಬಂದ ಒಂದು ಟ್ರ್ಯಾಕ್ಟರು ಕೂಡ ನಮ್ಮನ್ನು ದಾಟುವುದಕ್ಕೆ ಪಕ್ಕಕ್ಕೆ ಬಂತು. ಅದರ ಡ್ರೈವರ್ ಬಗ್ಗಿ, ಮರುಕದಿಂದ ಕೇಳಿದ.

"ಯಜಮಾನ್ರ, ಬ್ರೇಕ್ ಹಿಡ್ಕೊಂಡದೇನ್ರಿ?"

"ಹೌದಪಾ, ಹಿಡ್ಕೊಂಡದ," ಎಂದೆ ಮೆಲ್ಲಗೆ, ಮಗಳಿಗೆ ಎಚ್ಚರವಾಗದ ಹಾಗೆ. ಆಮೇಲೆ ಕೆಳಗೆ ನೋಡಿಕೊಂಡೆ. ಅಫಜಲಪುರ ಬಿಟ್ಟಾಗಿನಿಂದ ನನ್ನ ಬಲಗಾಲು ಬ್ರೇಕಿನ ಮೇಲೆಯೇ ಇತ್ತು. ತೆಗೆಯಲು ಮನಸ್ಸು ಬರಲಿಲ್ಲ.