ಬಾವಡಿ ಬೇಗಂಗೆ ನಾನು ದೊರಕಿಸಿದ ನ್ಯಾಯ

ರಾಯಚೂರಿನ ಮಂದಿ ನಕ್ಕು ಕಳಿಸಿದ ಒಂದು ಭೂತದ ಚಿತ್ರಕ್ಕೆ ನಮ್ಮೂರು ಮಾನ್ವಿಯಲ್ಲಿ ಮಾನ ತಂದುಕೊಡುತ್ತೇನೆ ಎಂದು ನಾನು ಶಪಥ ಮಾಡಿದ್ದೆ! ಚಿತ್ರದ ಹೆಸರು ‘ಬಾವಡಿ ಕಿ ಬೇಗಂ’, ಅಂದರೆ ಬಾವಿಯ ರಾಣಿ. ಮೂರೇ ದಿನ ಓಡಿತು. ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು ಬಸ್ಸಿನಲ್ಲಿ ಕೆಮ್ಮುತ್ತ ರಾಯಚೂರಿಗೆ ಹೋಗಿ ನಾನು ಎರಡು ಸಲ ನೋಡಿದೆ. ಶಾಲೆ ಬಿಟ್ಟವನಿಗೆ ಬಿಡುವಿಗೇನು ಬರ!

ದೋಷಗಳನ್ನು ಮುಚ್ಚಿಡುವುದಿಲ್ಲ. ಬೇಗಂ ಗಾಳಿಯಲ್ಲಿ ತೇಲುವಾಗ ಸೊಂಟಕ್ಕೆ ಕಟ್ಟಿದ ದಾರ ಕಾಣುತ್ತದೆ. ಒಂದು ಸಲ ಅವಳ ಕೂದಲು ಕಳಚಿ ಬಿತ್ತು, ಅವಳೇ ಎತ್ತಿಕೊಂಡಳು. ಜನ ಸಿಳ್ಳೆ ಹೊಡೆದರು. ಆದರೆ ಒಂದು ದೃಶ್ಯವಿದೆ: ಬತ್ತಿದ ಬಾವಿಗೆ ಇಳಿಬಿಟ್ಟ ಹಗ್ಗ ತಾನಾಗಿಯೇ ಬಿಗಿಯುತ್ತದೆ. ಅಷ್ಟೇ. ಮುಖವಿಲ್ಲ, ಕೂಗಿಲ್ಲ. ಅಂಥ ಭಯ ನಾನು ನೋಡಿದ ಬೇರೆ ಯಾವ ಚಿತ್ರದಲ್ಲೂ ಇಲ್ಲ.

ಪರರ ಮುಂದೆ ನನಗೆ ಬಾಯಿ ಬರುವುದಿಲ್ಲ. ನನ್ನ ಮಾತು ಕೇಳುವವರು ಅತ್ತಿಗೆ ಶೇಖಮ್ಮ ಒಬ್ಬರೇ. ಅವರು ರೊಟ್ಟಿ ಬಡಿಯುವಾಗ ಒಂದು ದೃಶ್ಯವನ್ನೂ ಬಿಡದೆ ಹೇಳಿದೆ. ಹಗ್ಗ ಬಿಗಿಯಿತು ಎನ್ನುವಾಗ ಹಂಚಿನ ಮೇಲಿನ ರೊಟ್ಟಿ ಕರಿಯಾಗಿತ್ತು. ಗೆದ್ದೆ!

ಮರುದಿನ ಬೆಳಿಗ್ಗೆ ಅತ್ತಿಗೆ ಓಣಿಯ ಬಾವಿಗೆ ಕೊಡ ಇಳಿಬಿಟ್ಟರು. ಕೊಡ ತುಂಬಿತು, ಹಗ್ಗ ಬಿಗಿಯಿತು. ದಿನವೂ ಬಿಗಿಯುವ ಹಗ್ಗವೇ! ಆದರೆ ಅಂದು ಅವರು “ಯವ್ವಾ, ಬೇಗಂ!” ಎಂದು ಕೈಬಿಟ್ಟು ಓಡಿಬಂದರು. ತಾಮ್ರದ ಕೊಡ ಹಗ್ಗಸಮೇತ ತಳ ಸೇರಿತು. ಅದು ಮದುವೆಯಲ್ಲಿ ಅವರ ಅಪ್ಪ ತಾಯಣ್ಣನವರು ಕೊಟ್ಟ ಕೊಡ. ಆ ತಾಯಣ್ಣನವರು ಅಂದೇ ಮಧ್ಯಾಹ್ನ ದೇವದುರ್ಗದಿಂದ ಊಟಕ್ಕೆ ಬರುವವರಿದ್ದರು!

“ಬಂದ ಕೂಡ್ಲೆ ಆ ಕೊಡದ ನೀರಾಗ ಕಾಲು ತೊಳೀತಾನ. ಕೊಡ ಎಲ್ಲಿ ಅಂದ್ರ ಏನ್ ಹೇಳ್ಲಿ?” ಅತ್ತಿಗೆಯ ಕಣ್ಣು ತುಂಬಿತು.

“ನಾ ತೆಗೀತೀನಿ, ಅತ್ತಿಗಿ. ದೆವ್ವದ ಗುಟ್ಟೆಲ್ಲ ನನಗ ಗೊತ್ತದ!”

ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳ ಗರಡಿ, ನೆರೆಮನೆಯ ಜೈನಾಬ್ ಚಾಚಿಯ ಬಳಿಯಿತ್ತು. ಅತ್ತಿಗೆಯ ಕೂಗು ಕೇಳಿದ್ದ ಚಾಚಿ ಹಗ್ಗವನ್ನೂ ಕೊಟ್ಟು ನಮ್ಮಿಬ್ಬರ ಜೊತೆಗೇ ಬಾವಿಗೆ ಬಂದರು. “ಇದನ್ನೂ ಬೇಗಂಗೆ ನಜರಾನಾ, ಕಾಣಿಕಿ ಅಂತ ಕೊಟ್ಟೀ, ಜ್ವಾಕಿ!”

ಗರಡಿಗೆ ಹಗ್ಗ ಕಟ್ಟಿ ಮೂರು ಗಂಟು ಹಾಕಿದೆ. ಮೂರನ್ನೂ ಜಗ್ಗಿ ನೋಡಿದೆ. ಗರಡಿ ಇಳಿಸಿ ತಳದಲ್ಲೆಲ್ಲ ಆಡಿಸಿದೆ. ಏನೋ ಸಿಕ್ಕಿತು. ಹಗ್ಗ ಬಿಗಿಯಿತು!

ಭೂತಶಾಸ್ತ್ರದ ಮಹಾಪಂಡಿತನಾದ ನಾನು “ಯಪ್ಪಾ!” ಎಂದು ಕೈಬಿಟ್ಟು ಚಾಚಿಯ ಬೆನ್ನ ಹಿಂದೆ ಅಡಗಿದೆ. ಹಗ್ಗ ಸರಸರನೆ ಬಾವಿಯೊಳಗೆ ಸರಿಯತೊಡಗಿತು. ಅದರ ತುದಿಯ ಮೇಲೆ ಧಪ್ಪೆಂದು ಕಾಲಿಟ್ಟವರು ಅತ್ತಿಗೆ! ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು, ಕಾಲು ಮಾತ್ರ ಎತ್ತಲಿಲ್ಲ.

“ಎಳೀಲೇ ವೆಂಕೋಬ! ಬೇಗಂ ಬಂದ್ರ ಬರ್ಲಿ, ಕೊಡ ನಂದು!”

ಎಳೆದೆವು. ಕೊಡ ಬಂತು, ಹೊಟ್ಟೆಯಲ್ಲೊಂದು ತಗ್ಗು ಮಾಡಿಕೊಂಡು.

ಮಧ್ಯಾಹ್ನ ತಾಯಣ್ಣನವರು ಕಾಲು ತೊಳೆಯುತ್ತ ಕೇಳಿದರು: “ಇದೇನವ್ವಾ, ಕೊಡ ನೆಗ್ಗೇದಲ್ಲ?”

ಅಣ್ಣ ಸುಂಕಪ್ಪ ಪಕ್ಕದಲ್ಲೇ ನಿಂತಿದ್ದ. ನಿಜ ತಿಳಿದರೆ ನನ್ನ ಸಿನಿಮಾ ಅಲ್ಲಿಗೇ ಸಮಾಪ್ತಿ!

“ನನ್ನ ಕೈ ಜಾರ್ತು, ಯಪ್ಪಾ,” ಎಂದರು ಅತ್ತಿಗೆ. ನನ್ನತ್ತ ನೋಡಲೂ ಇಲ್ಲ.

ಅವರಿಗೆ ನಾನೆಷ್ಟು ಋಣಿ ಎಂದು ಹೇಳಲು ಅಡಿಗೆಮನೆಗೆ ಹೋದೆ. ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಇಷ್ಟೇ: “ಅತ್ತಿಗೀ... ಸಿನಿಮಾ ಹೆಂಗದ?”

“ಚಲೋ ಅದ. ಆದ್ರ ಮುಂದಿನ ಸಲ ದೇವರ ಸಿನಿಮಾ ನೋಡಿ ಬಾ. ದೇವ್ರು ಬಾವ್ಯಾಗಿಂದ ಎದ್ದು ಬಂದ್ರ, ಬರೋ ಮುಂದ ಕೊಡನರ ಎತ್ತಿಕೊಂಡು ಬರ್ತಾನ!”